ಎಲೆ ಹಾಕುವ ನೋಟು

ನೆನೆದ ಪೀಪಿಗೆ ಒಂದು ವಾಸನೆಯಿದೆ. ಹುಲ್ಲಿನದೂ ಅಲ್ಲ, ಎಲೆಅಡಿಕೆಯದೂ ಅಲ್ಲ. ಎರಡೂ ಸೇರಿ ಒಣಗಿ ಮತ್ತೆ ಒದ್ದೆಯಾದಂಥದು. ಸ್ವೀಡನ್ನಿನ ಲುಂಡ್‌ನ ಈ ಮನೆಯ ಕಿಟಕಿಯ ಹಲಗೆಯ ಮೇಲೆ ನಾನಿಟ್ಟಿರುವ ಸುಣ್ಣದ ಡಬ್ಬಿಯನ್ನು ಮೊಮ್ಮಕ್ಕಳಾದ ನೀವಿಬ್ಬರೂ ಚಿಕ್ಕವರಿದ್ದಾಗ ತೆರೆದು, ಮೂಗು ಮುಚ್ಚಿಕೊಂಡು ನಕ್ಕಿದ್ದೀರಿ. ಅದರಲ್ಲಿರುವುದು ನನ್ನ ಅಪ್ಪ ವಾಲಗದ ತುದಿಗೆ ಸಿಕ್ಕಿಸಿ ಊದುತ್ತಿದ್ದ ಪೀಪಿ. ಈಗ ಅದರಿಂದ ಸ್ವರ ಹೊರಡುವುದಿಲ್ಲ. ಆದರೂ ಆಗಾಗ ನೀರಿನಲ್ಲಿ ಅದ್ದಿ ಮೂಸುತ್ತೇನೆ. ಮೂಸಿದೊಡನೆ ಊರ ತುದಿಯ ನಮ್ಮ ಮನೆ ಎದ್ದು ಬರುತ್ತದೆ: ಗೂಟಕ್ಕೆ ನೇತುಹಾಕಿದ ಕೆಂಪು ಬಟ್ಟೆಯ ಚೀಲದಲ್ಲಿ ವಾಲಗ, ಬಿಸಿಲಿಗೆ ಡೋಲನ್ನು ಕಾಯಿಸಿ ಬೆರಳಿನಿಂದ ತಟ್ಟಿ ನೋಡುತ್ತಿದ್ದ ದೊಡ್ಡಪ್ಪ, ಮದುವೆಯಿಂದ ತಂದ ತೆಂಗಿನಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದ ಅವ್ವ.

ಅಪ್ಪನ ಬಳಿ ಒಂದು ನೋಟು ಇತ್ತು. ಇಂಗ್ಲಿಷಿನವರ ಧಾಟಿಯ ಹಾಡಿಗೆ ವಾಲಗದವರು ನೋಟು ಎನ್ನುತ್ತಾರೆ. ಅಪ್ಪನ ಅಜ್ಜ ಅದನ್ನು ಬೆಂಗಳೂರಿನ ದಂಡಿನಲ್ಲಿ, ಬಿಳಿಯರ ಬ್ಯಾಂಡಿನವರು ಬಾರಿಸುವಾಗ, ಬೇಲಿಯಾಚೆ ನಿಂತು ಕೇಳಿ ಕಲಿತದ್ದಂತೆ. ತಕಿಟ ತಕಿಟ ಎಂದು ಕುಣಿಯುತ್ತ ಓಡಿ, ತಿರುಗಿ ಬಂದು, ಹೊರಟಲ್ಲೇ ನಿಲ್ಲುವ ಮಟ್ಟು. ನಮ್ಮ ಸುತ್ತಲಿನ ಊರುಗಳಲ್ಲಿ ಅದಕ್ಕೆ ಒಂದೇ ಅರ್ಥ: ಎಲೆ ಹಾಕಿದ್ದಾರೆ, ಊಟಕ್ಕೆ ಏಳಿ. ಧಾರೆ ಮುಗಿದು ಅಪ್ಪ ಅದನ್ನು ಎತ್ತಿಕೊಂಡರೆ, ಚಪ್ಪರದ ಮೂಲೆಯಲ್ಲಿ ಇಸ್ಪೀಟು ಆಡುತ್ತಿದ್ದವರೂ ಕೈಯಲ್ಲಿದ್ದ ಎಲೆ ಬಿಟ್ಟು ಬಾಳೆ ಎಲೆಗೆ ಓಡುತ್ತಿದ್ದರು. ಅಪ್ಪನ ಪಕ್ಕದಲ್ಲಿ ಶ್ರುತಿ ಪೆಟ್ಟಿಗೆ ಒತ್ತುತ್ತ ಕೂತ ನನಗೆ ಮಾತ್ರ ಅದು ಹಸಿವಿನ ಹಾಡು. ಪ್ರತಿ ಪಂಕ್ತಿಗೂ ಅಪ್ಪ ಅದನ್ನೇ ಊದಬೇಕು. ಎಲ್ಲರದೂ ಮುಗಿದ ಮೇಲೆ, ಪಾತ್ರೆ ತೊಳೆಯುವ ಜಾಗದ ಹತ್ತಿರ ನಮಗೆ ಎಲೆ. ಅಷ್ಟರಲ್ಲಿ ಪಾಯಸ ಮುಗಿದು, ಹೋಳಿಗೆಯ ಬುಟ್ಟಿಯಲ್ಲಿ ಚೂರುಗಳು ಉಳಿದಿರುತ್ತಿದ್ದವು.

“ಅಪ್ಪಾ, ನಾವ್ಯಾವಾಗ ಉಣ್ಣೋದು?”

“ಊದೋ ಬಾಯಿಗೆ ಅನ್ನ ಆಮ್ಯಾಕೆ ಕಣವ್ವ. ತುಂಬಿದ ಹೊಟ್ಟೇಲಿ ನೋಟು ಬರಾಕಿಲ್ಲ.”

ದೊಡ್ಡಪ್ಪ ಡೋಲಿನ ಮೇಲೆ ಒಂದು ಪೆಟ್ಟು ಹಾಕಿ, “ಸುಳ್ಳ ಇವ್ನು! ತುಂಬಿದ ಹೊಟ್ಟೆ ಹೆಂಗಿರ್ತದೆ ಅಂತ ಇವ್ನಿಗೇನು ಗೊತ್ತು?” ಎನ್ನುತ್ತಿದ್ದ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಇಲ್ಲಿಗೆ, ಮಗಳ ಮನೆಗೆ ಬಂದಾಗ ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಸಂಜೆ ನಿಮ್ಮನ್ನು ಇಲ್ಲಿನ ಶಿಶುವಿಹಾರ ಡಾಗಿಸ್‌ನಿಂದ ಕರೆತರುವುದು, ನೀವು ಸ್ವೀಡಿಷ್‌ನಲ್ಲಿ ಹೇಳಿದ್ದಕ್ಕೆಲ್ಲ ಹೂಂ ಎನ್ನುವುದು ನನ್ನ ಕೆಲಸ. ನಿಮ್ಮ ಅಮ್ಮ ಇಲ್ಲಿನ ಕನ್ನಡದವರಿಗೆಲ್ಲ ತನ್ನ ತಾತ ಸಂಗೀತ ವಿದ್ವಾಂಸರು ಎಂದು ಹೇಳಿಟ್ಟಿದ್ದಳು. ನಾಲ್ಕು ಜನರೆದುರು ಬಾಯಿ ಬಿಡಲಾರದ ನಾನೂ ತಲೆಯಾಡಿಸಿದ್ದೆ. ಆ ಯುಗಾದಿಗೆ ಒಂದು ಹಾಲ್ ಹಿಡಿದಿದ್ದರು. ನಿಮ್ಮ ಅಮ್ಮನ ಲ್ಯಾಬಿನಲ್ಲಿದ್ದ ಕಾನರ್ ಎಂಬ ಐರ್ಲೆಂಡಿನ ಹುಡುಗ ಪಿಟೀಲು ಹಿಡಿದು ಬಂದಿದ್ದ. ನಾವು ಕಾಗದದ ತಟ್ಟೆಗಳನ್ನು ಜೋಡಿಸುತ್ತಿರುವಾಗ ಅವನು ಶುರುಮಾಡಿದ. ತಕಿಟ ತಕಿಟ. ಕೋಸಂಬರಿ ಬಡಿಸುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ಅಪ್ಪನ ನೋಟು! ಅಪ್ಪ ಉಸಿರೆಳೆದುಕೊಳ್ಳುತ್ತಿದ್ದ ಕಡೆ ಇವನು ಕಮಾನು ತಿರುಗಿಸುತ್ತಿದ್ದ, ಅಷ್ಟೇ ವ್ಯತ್ಯಾಸ.

ಜನ ಚಪ್ಪಾಳೆ ತಟ್ಟಿ ಊಟಕ್ಕೆ ಕೂತರು. ಅವನೂ ಕೂರಲು ಬಂದಾಗ, ಬಡಿಸುವ ಉಸ್ತುವಾರಿ ಹೊತ್ತಿದ್ದ ಗೀತಾ ತಡೆದಳು. “ಆಂಟಿ, ಇವ್ರು ಸೆಕೆಂಡ್ ಬ್ಯಾಚಲ್ಲಿ ಕೂತ್ಕೊಳ್ಲಿ. ಎಲ್ರೂ ಊಟ ಮಾಡೋವಾಗ ಮ್ಯೂಸಿಕ್ ಇದ್ರೆ ಚೆನ್ನಾಗಿರತ್ತೆ ಅಲ್ವಾ?”

ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆ ಮದುವೆಮನೆಗಳಲ್ಲೂ ಯಾರ ಮನಸ್ಸಿನಲ್ಲೂ ಇರಲಿಲ್ಲ.

“ಇಲ್ಲ. ಅವ್ನು ಮೊದ್ಲು ಉಣ್ಲಿ,” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ನಿಮ್ಮ ಅಮ್ಮ ನನ್ನ ಸೆರಗು ಜಗ್ಗಿದಳು. “ಅಮ್ಮಾ, ಸುಮ್ನಿರು. ಎಲ್ಲಾ ನೋಡ್ತಿದಾರೆ.”

ನೋಡಲಿ. “ಇದು ನಮ್ಮಪ್ಪನ ನೋಟು. ನಮ್ಮಪ್ಪ ವಿದ್ವಾಂಸ ಅಲ್ಲ, ಮದ್ವೆಮನೇಲಿ ವಾಲಗ ಊದ್ತಿದ್ದ. ಇದನ್ನ ಊದಿ ಊರ್ನೆಲ್ಲ ಊಟಕ್ಕೆ ಎಬ್ಬಿಸ್ದೋನು, ಒಂದಿನಾನೂ ಮೊದಲ್ನೇ ಪಂಕ್ತೀಲಿ ಕೂತೋನಲ್ಲ.”

ನಿಮ್ಮ ಅಪ್ಪ ಇದನ್ನು ಕಾನರ್‌ಗೆ ಇಂಗ್ಲಿಷಿನಲ್ಲಿ ಹೇಳಿದ. ಈ ಮಟ್ಟು ತನ್ನ ಊರಿನದು, ತನ್ನ ಅಜ್ಜಿ ಅಡುಗೆಮನೆಯಲ್ಲಿ ಗುನುಗುತ್ತಿದ್ದಳು ಎಂದನಂತೆ ಅವನು. ಪಕ್ಕದಲ್ಲಿದ್ದವರೊಬ್ಬರು ನಕ್ಕರು. “ಹಾಗಾದ್ರೆ ನಿಮ್ಮ ತಂದೆಯವ್ರು ಕಾಪಿ ಹೊಡ್ದಿದಾರೆ ಬಿಡಿ ಆಂಟಿ!”

“ಕದ್ದಿದ್ದೇ ಅಂತಿಟ್ಕೊಳ್ಳಪ್ಪ. ಹಸ್ಕೊಂಡು ಊದಿದ್ದು ಮಾತ್ರ ಅವ್ನೇ.”

ಕಾನರ್‌ನನ್ನು ಮೊದಲ ಸಾಲಿನಲ್ಲಿ ಕೂರಿಸಿ, ಪಕ್ಕದಲ್ಲಿ ನಾನೂ ಕೂತೆ. ಹೋಳಿಗೆ ತಂದವಳು ನಿಮ್ಮ ಅಮ್ಮ. ಮುಖ ಕೆಂಪಾಗಿತ್ತು. ಆದರೂ ಮೊದಲು ಅವನಿಗೆ, ಆಮೇಲೆ ನನಗೆ ಬಡಿಸಿದಳು. ಇಡೀ ಹೋಳಿಗೆ, ಅಂಚು ಕೂಡ ಮುರಿದಿರಲಿಲ್ಲ. ಅಂದಿನಿಂದ ಅವಳೂ ವಿದ್ವಾಂಸರು ಎನ್ನುವ ಮಾತು ಬಿಟ್ಟಳು.

ಕಾನರ್ ಆಮೇಲೆ ತನ್ನ ದೇಶಕ್ಕೆ ಹೋದ. ಊರ ತುದಿಯ ನಮ್ಮ ಮನೆ ಬಿದ್ದು ಎಷ್ಟೋ ಕಾಲವಾಯಿತು. ದೊಡ್ಡಪ್ಪನ ಡೋಲಿನ ಚರ್ಮ ಹರಿದು, ಉಳಿದ ಮರದ ಬುರುಡೆಯಲ್ಲಿ ಯಾರೋ ರಾಗಿ ತುಂಬಿಟ್ಟಿದ್ದರಂತೆ. ಅಪ್ಪನ ವಾಲಗ ಎಲ್ಲಿದೆಯೋ ತಿಳಿಯದು. ಈ ಪೀಪಿಯೂ ನನ್ನ ಹಿಂದೆಯೇ ಪುಡಿಯಾದೀತು. ನೋಟು ಹಾಗಲ್ಲ, ಅದು ನಮ್ಮೆಲ್ಲರಿಗಿಂತ ಗಟ್ಟಿ. ಮುಂದೆ ಎಂದಾದರೂ, ಯಾವುದೋ ಬೀದಿಯಲ್ಲಿ, ತಕಿಟ ತಕಿಟ ಎಂದು ಅದು ನಿಮ್ಮ ಕಿವಿಗೆ ಬಿದ್ದರೆ ನಿಲ್ಲಿ. ಯಾವ ದೇಶದ್ದು ಎಂದು ಕೇಳಬೇಡಿ. ನುಡಿಸುತ್ತಿರುವವರ ಊಟವಾಯಿತೇ ಎಂದು ಕೇಳಿ.