ಟೀ ಕಪ್ಪುಗಳ ಫುಟ್‌ಬಾಲ್ ಟೀಮು

ಈ ಶನಿವಾರ ಬೆಳಿಗ್ಗೆ ಡೇರಿಗೆ ಹೋಗಿದ್ದೆ. ಡೇರಿ ಎಂದರೆ ಹಸು ಕಟ್ಟುವ ಜಾಗವಲ್ಲ, ನ್ಯೂಜಿಲೆಂಡಿನವರು ಮೂಲೆಯಂಗಡಿಗೆ ಇಟ್ಟುಕೊಂಡ ಹೆಸರು. ಕ್ಯೂನಲ್ಲಿ ನನ್ನ ಮುಂದೆ ಆಟಕ್ಕೆ ಹೊರಟ ಇಬ್ಬರು ಹುಡುಗರಿದ್ದರು. ಮಂಡಿಯವರೆಗೆ ಸಾಕ್ಸ್, ತೊಡೆಗೆಲ್ಲ ನೋವಿನ ಮುಲಾಮು. ಕರ್ಪೂರಕ್ಕೂ ಪೆಪ್ಪರ್‌ಮಿಂಟಿಗೂ ಜಗಳ ಹತ್ತಿದ ಹಾಗಿರುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಆಕ್ಲೆಂಡಿನಲ್ಲಿರಲಿಲ್ಲ. ಇಷ್ಟು ವರ್ಷ ಇದ್ದ ಊರು ಲೋವರ್ ಹಟ್‌ನ ಆಟದ ಮೈದಾನದಲ್ಲಿ, ಅಲ್ಲಿಂದ ಗೆಳತಿ ನೊಲೀನ್‌ಳ ಅಡುಗೆಮನೆಯಲ್ಲಿದ್ದೆ. ಅಂಗಡಿಯವನು "ನೆಕ್ಸ್ಟ್, ಪ್ಲೀಸ್" ಎಂದು ಎರಡನೆಯ ಸಲ ಹೇಳಿದಾಗಲೇ ವಾಪಸ್ಸು ಬಂದದ್ದು.

ಆಕ್ಲೆಂಡಿಗೆ ಬಂದು ಇನ್ನೂ ಹೆಚ್ಚು ದಿನವಾಗಿಲ್ಲ. ಮಗಳಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಅವಳ ಜೊತೆ ನಾನೂ ಬಂದೆ. ಹೊರಡುವ ಮೊದಲು ನಾನು ಸ್ವಲ್ಪ ಮುಖ ಸಣ್ಣಗೆ ಮಾಡಿಕೊಂಡಿದ್ದನ್ನು ನೋಡಿ, "ಅಮ್ಮ, ಲೋವರ್ ಹಟ್‌ನಲ್ಲಿ ನಿನಗೆ ಅಂಥದ್ದೇನಿದೆ?" ಎಂದು ಕೇಳಿದ್ದಳು. "ಫುಟ್‌ಬಾಲ್" ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಜೋಕ್ ಮಾಡಿರಲಿಲ್ಲ.

ನಿಮಗೂ ನಗು ಬರುತ್ತಿದ್ದರೆ ತಪ್ಪಿಲ್ಲ. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನಮಗಿದ್ದದ್ದು ಥ್ರೋಬಾಲ್, ಅದೂ ರಿಬ್ಬನ್ ಬಿಚ್ಚದಂತೆ ಆಡಬೇಕು. "ಗರ್ಲ್ಸ್, ಲೇಡೀಸ್ ಡು ನಾಟ್ ಶೌಟ್" ಎನ್ನುವುದು ನಮ್ಮ ಹೆಡ್ ಸಿಸ್ಟರ್ ದಿನವೂ ಕೊಡುತ್ತಿದ್ದ ಪ್ರಸಾದ. ಗೆದ್ದರೂ ಮೂರೇ ಚಪ್ಪಾಳೆ, ಅದೂ ಚರ್ಚಿನಲ್ಲಿ ಯಾರೋ ಕೆಮ್ಮಿದಷ್ಟು ಮೆಲ್ಲಗೆ. ಅಲ್ಲಿಂದ ಹೊರಟವಳು ಮದುವೆಯಾಗಿ, ಗಂಡನ ಲ್ಯಾಬೊರೇಟರಿ ಕೆಲಸದ ಹಿಂದೆ ಈ ದೇಶಕ್ಕೆ ಬಂದು, ಒಂದು ಪುಟ್ಟ ಕಾಲೇಜಿನ ಲೈಬ್ರರಿಯಲ್ಲಿ ಸೇರಿಕೊಂಡೆ. ಇಲ್ಲಿ ಕಾಲೇಜ್ ಎಂದರೆ ನಮ್ಮ ಹೈಸ್ಕೂಲು. ನಮ್ಮದು ಎಷ್ಟು ಪುಟ್ಟದೆಂದರೆ, ಫುಟ್‌ಬಾಲಿಗೆ ಹನ್ನೊಂದು ಜನ ಬೇಕೆಂದರೆ ಚೆಸ್ ಆಡುವವರನ್ನೂ ಬಿಡುತ್ತಿರಲಿಲ್ಲ. ಮಕ್ಕಳಿಗೆ ಮುಖ ತೋರಿಸಿ ಬರೋಣವೆಂದು ಒಂದು ಶನಿವಾರ ಮೈದಾನಕ್ಕೆ ಹೋದೆ. ಮುಂದಿನ ಶನಿವಾರ ಮನೆಯಲ್ಲಿ ಇರಲಾಗಲಿಲ್ಲ.

ಅಲ್ಲಿ ಸಿಕ್ಕವನು ಗ್ರಹಾಮ್, ರಿಟೈರಾದ ಬಸ್ ಡ್ರೈವರ್. ಹುಡುಗನಾಗಿದ್ದಾಗಿನಿಂದ ಆ ಕಾಲೇಜಿನ ಆಟ ನೋಡಿಕೊಂಡು ಬಂದವನು. ಅವನ ಹೆಂಡತಿಯೇ ನೊಲೀನ್. ಬೇಕರಿಯಲ್ಲಿ ಅವಳಿಗೆ ಶನಿವಾರದ ಪಾಳಿ ಇದ್ದುದರಿಂದ ಎಷ್ಟೋ ವರ್ಷ ಮ್ಯಾಚ್ ನೋಡಲಾಗಲಿಲ್ಲ, ಕೆಲಸ ಬಿಟ್ಟ ಮೇಲೆ ಒಂದನ್ನೂ ತಪ್ಪಿಸಲಿಲ್ಲ. ಆಮೇಲೆ ಸೇರಿಕೊಂಡವನು ಇಮ್ತಿಯಾಜ್. ಹುಬ್ಬಳ್ಳಿಯಿಂದ ಓದಲು ಬಂದ ಹುಡುಗ ಮೈದಾನದ ಪಕ್ಕದಲ್ಲೇ ಫ್ಲ್ಯಾಟ್ ಹಿಡಿದು, ಕಿಟಕಿಯಿಂದ ನೋಡಿ ನೋಡಿ ಕೊನೆಗೆ ತಡೆಯಲಾರದೆ ಕೆಳಗಿಳಿದು ಬಂದ. ಈಗ ಅವನು ಎಂಜಿನಿಯರ್, ತಲೆಯಲ್ಲಿ ನರೆ. ಆದರೂ ನಾನು ರೆಫ್ರಿಯ ಮೇಲೆ ರೇಗಿದರೆ, "ಆಂಟಿ, ನಿಮ್ಮ ಕಾನ್ವೆಂಟ್ ಇಂಗ್ಲಿಷ್‌ನಾಗ ಬೈದ್ರ ಅಂವ ಥ್ಯಾಂಕ್ಯೂ ಅಂತಾನ್ರೀ, ಕನ್ನಡದಾಗ ಬೈರಿ" ಎನ್ನುತ್ತಾನೆ.

ಸೀಸನ್ ಶುರುವಾಗುವ ಮುಂಚೆ ಪ್ರತಿ ವರ್ಷ ನೊಲೀನ್‌ಳ ಅಡುಗೆಮನೆಯಲ್ಲಿ ನಮ್ಮದೊಂದು ಪೂಜೆ ಇರುತ್ತಿತ್ತು. ಮೇಜಿನ ಮೇಲೆ ಹನ್ನೊಂದು ಟೀ ಕಪ್ಪುಗಳನ್ನು ಬೋರಲು ಹಾಕುವುದು. ಹಿಂದೆ ಒಂದು, ಅದು ಗೋಲ್‌ಕೀಪರ್. ಮುಂದೆ ನಾಲ್ಕು, ಹೀಗೆ. ಒಂದೊಂದು ಕಪ್ಪೂ ಕಾಲೇಜು ಕಂಡ ಒಬ್ಬೊಬ್ಬ ಒಳ್ಳೆಯ ಆಟಗಾರ. ಯಾರನ್ನು ಇಡಬೇಕು, ಯಾರನ್ನು ತೆಗೆಯಬೇಕು ಎಂದು ನೊಲೀನ್ ಸುಟ್ಟ ಸ್ಕೋನ್ ಎಂಬ ಬನ್ನು ತಿನ್ನುತ್ತ ಜಗಳವಾಡುವುದು. ಆ ಹನ್ನೊಂದು ಮಂದಿ ಮೇಜಿನ ಮೇಲೆ ಸರಿಯಾಗಿ ನಿಂತ ಮೇಲೆಯೇ ಬರುವ ಸೀಸನ್ನಿನ ಮಾತು. "ಹೊಸಾ ಲೆಫ್ಟ್ ವಿಂಗ್ ಹುಡುಗನ್ನ ನೋಡಿದ್ರೇನ್ರೀ? ಬಸ್ ತಪ್ಪಿಸ್ಕೊಂಡಾಂವ ಓಡಿದಂಗ ಓಡ್ತಾನ. ಬಾಲ್ ಹಿಂದ ಉಳದಿದ್ದು ಗೊತ್ತ ಆಗೂದಿಲ್ಲ ಅವಂಗ" ಎಂದು ಇಮ್ತಿಯಾಜ್ ನನಗೆ ಹೇಳಿ, ಅದನ್ನೇ ಇಂಗ್ಲಿಷಿನಲ್ಲೂ ಒಪ್ಪಿಸಿದರೆ, "ಓಡಲಿ ಬಿಡು, ಓಡುವವನಿಗೆ ಬಾಲ್ ಕಲಿಸಬಹುದು" ಎಂದು ನೊಲೀನ್ ಸಮಾಧಾನ ಹೇಳುತ್ತಿದ್ದಳು.

ಆದರೆ ಪೂಜೆಗೊಂದು ಮಡಿ ಇತ್ತು. ಗ್ರಹಾಮ್ ಮಾಡಿದ ರೂಲ್. ಮೇಜಿನ ಸುತ್ತ ಕೂತವರಲ್ಲಿ ಒಬ್ಬರಾದರೂ ಆ ಆಟಗಾರನ ಆಟವನ್ನು ಕಣ್ಣಾರೆ ಕಂಡಿರಬೇಕು. ಕೇಳಿದ್ದು, ಓದಿದ್ದು, ಫೋಟೋದಲ್ಲಿ ನೋಡಿದ್ದು ಯಾವುದೂ ನಡೆಯುವುದಿಲ್ಲ. ಕಂಡವರು ಪ್ರತಿ ವರ್ಷ ತಾವು ಕಂಡದ್ದನ್ನು ಮತ್ತೆ ಹೇಳಿ ಕಪ್ಪನ್ನು ಉಳಿಸಿಕೊಳ್ಳಬೇಕು.

ಗ್ರಹಾಮ್ ತೀರಿಕೊಂಡ ವರ್ಷ ಆ ರೂಲಿನ ತೂಕ ಗೊತ್ತಾಯಿತು. ಅವನು ತುಂಬ ಮೆಚ್ಚಿಕೊಂಡಿದ್ದ ಒಬ್ಬ ರೈಟ್ ವಿಂಗರ್ ಇದ್ದ. ನಾವ್ಯಾರೂ ಅವನನ್ನು ನೋಡಿರಲಿಲ್ಲ. ಆದರೆ ಗ್ರಹಾಮ್ ಹೇಳಿ ಹೇಳಿ, ಅವನು ಭುಜ ಬಗ್ಗಿಸಿ ತಿರುಗುವ ರೀತಿ ನಮಗೆಲ್ಲ ಬಾಯಿಪಾಠವಾಗಿತ್ತು. ಮೇಜಿನ ಮೇಲೆ ಕಪ್ಪುಗಳಿದ್ದವು, ಗ್ರಹಾಮ್‌ನ ಕುರ್ಚಿ ಖಾಲಿ. ನೊಲೀನ್ ತಾನೇ ಕೈ ಚಾಚಿ ಆ ವಿಂಗರನ ಕಪ್ಪನ್ನು ಎತ್ತಿದಳು. ತೊಳೆದಳು, ಒರೆಸಿದಳು, ಕೊಕ್ಕೆಗೆ ನೇತುಹಾಕಿದಳು. "ಹೀ ಡಿಡ್ ಹ್ಯಾವ್ ಎ ಲವ್ಲಿ ಟರ್ನ್" ಎಂದಳು. ಅಷ್ಟೇ. ಅಂಥ ಹೆಂಗಸನ್ನು ನಾನು ಮತ್ತೊಬ್ಬಳನ್ನು ಕಂಡಿಲ್ಲ.

ನನ್ನ ಕಪ್ಪು ಗೋಲ್‌ಕೀಪರ್‌ದು. ಹೆಸರು ಆರೋಹಾ. ಹುಡುಗರ ಟೀಮಿಗೆ ಜನ ಸಾಲದೆ ಸೇರಿಸಿಕೊಂಡ ಹುಡುಗಿ. ಅವಳ ಆಟ ಕಂಡವರು ಗ್ರಹಾಮ್ ಮತ್ತು ನಾನು. ಅವನು ಹೋದ ಮೇಲೆ ನಾನೊಬ್ಬಳೇ. ಪ್ರತಿ ವರ್ಷವೂ ನಾನು ಹೇಳುತ್ತಿದ್ದದ್ದು ಒಂದೇ ಪೆನಾಲ್ಟಿಯ ಕಥೆ: ದಕ್ಷಿಣದ ಕೊರೆಯುವ ಚಳಿಗಾಳಿ ಮುಖಕ್ಕೆ ರಾಚುತ್ತಿತ್ತು, ಹೊಡೆಯುವವನು ಎತ್ತಿನ ಹಾಗಿದ್ದ, ಇವಳು ಎಡಕ್ಕೆ ಹಾರಿ ಬೆರಳ ತುದಿಯಲ್ಲಿ ಬಾಲನ್ನು ಕಂಬದಾಚೆಗೆ ತಳ್ಳಿದಳು. ಆವತ್ತು ನಾನು ಕಿರುಚಿದ ಕಿರುಚಾಟ ಸಿಸ್ಟರ್‌ಗೆ ಸಮಾಧಿಯಲ್ಲೂ ಕೇಳಿಸಿರಬೇಕು.

ಈ ಸಲ ಮೇಜಿನ ಮುಂದೆ ಕೂತಾಗ, ಆಕ್ಲೆಂಡಿಗೆ ಹೊರಟಿರುವ ಸುದ್ದಿ ಹೇಳಿದೆ. ಇಮ್ತಿಯಾಜ್ ಕೈಯಲ್ಲಿದ್ದ ಸ್ಕೋನ್ ಕೆಳಗಿಟ್ಟ. "ಹಂಗಾರ ಆರೋಹಾನ ಗತಿ ಏನ್ರೀ ಆಂಟಿ?" ಎಂದವನೇ ನೊಲೀನ್ ಕಡೆ ತಿರುಗಿ, ಆಂಟಿ ಪ್ರತಿ ವರ್ಷ ವಿಡಿಯೋ ಕಾಲ್‌ನಲ್ಲಿ ಬಂದು ಹೇಳಿದರಾಗದೇ ಎಂದು ಇಂಗ್ಲಿಷಿನಲ್ಲಿ ವಕಾಲತ್ತು ಶುರು ಮಾಡಿದ. ಆಗದೆಂದು ನೊಲೀನ್ ತಲೆಯಾಡಿಸಿದಳು. "ಅಟ್ ದ ಟೇಬಲ್, ಲವ್. ಗ್ರಹಾಮ್‌ನ ರೈಟ್ ವಿಂಗರೂ ಹೋದನಲ್ಲ." ನಿಜ ಹೇಳುತ್ತೇನೆ, ನನಗಾಗಿ ಅವಳು ರೂಲ್ ಸಡಿಲಿಸಿಯಾಳು ಎಂದು ಆಸೆಪಟ್ಟಿದ್ದೆ. ಸಡಿಲಿಸಿದ್ದರೆ ಅವಳ ಮೇಲೆ ನನಗಿದ್ದ ಗೌರವದಲ್ಲಿ ಒಂದು ಕೂದಲೆಳೆ ಕಡಿಮೆಯಾಗುತ್ತಿತ್ತೋ ಏನೋ.

"ಕೊನೇ ಸಲ ಹೇಳು, ನಾವು ಕೇಳ್ತೀವಿ" ಎಂದಳು.

ಪೆನಾಲ್ಟಿ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ. ಅದೇ ಮ್ಯಾಚಿನಲ್ಲಿ ನಾವು ಕೆಟ್ಟದಾಗಿ ಸೋತೆವು. ಅಷ್ಟು ಗೋಲು ತಿಂದರೂ ಆರೋಹಾ ಆಟದುದ್ದಕ್ಕೂ ತನ್ನ ಮುಂದಿನ ಹುಡುಗರಿಗೆ ಹೆಸರು ಹಿಡಿದು ಹೇಳುತ್ತಲೇ ಇದ್ದಳು, "ಗುಡ್ ಆನ್ ಯೂ, ಪೀಟರ್, ನಿನ್ನ ಹಿಂದೆ ನಾನಿದ್ದೀನಿ." ಆಟ ಮುಗಿದ ಮೇಲೆ ಆ ಪೀಟರ್ ಎಂಬ ಸಣಕಲ ಹುಡುಗ ಕೆಸರಿನಲ್ಲಿ ಕೂತವನು ಏಳಲಿಲ್ಲ. ಅವಳು ಎಬ್ಬಿಸಲಿಲ್ಲ. ಪಕ್ಕದಲ್ಲಿ ತಾನೂ ಕೂತಳು. ಚಳಿಗೆ ಬೆಳ್ಳಗಾಗಿದ್ದ ಅವನ ಬೆರಳು ನೋಡಿ ತನ್ನ ಗ್ಲೌಸ್ ಬಿಚ್ಚಿ ಅವನ ಕೈಗೆ ತೊಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಬರಿಗೈಯಲ್ಲೇ ಮೂಲೆಯ ಬಾವುಟಗಳನ್ನೆಲ್ಲ ಕಿತ್ತು ಕಂಕುಳಲ್ಲಿಟ್ಟುಕೊಂಡು ಹೋದಳು.

"ಇದನ್ನ ಒಂದು ದಿನವೂ ಹೇಳಲಿಲ್ಲವಲ್ಲ ನೀನು" ಎಂದಳು ನೊಲೀನ್.

"ಆಟ ಮುಗಿದ ಮೇಲಿನದು. ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ."

"ಒಳ್ಳೆ ಕೀಪರ್ ಅವಳು" ಎಂದಳು. ನಾನು ಎದ್ದು ಕಪ್ಪನ್ನು ತೊಳೆದೆ, ಒರೆಸಿದೆ, ನೇತುಹಾಕಿದೆ. ಆರೋಹಾ ಈಗ ಎಲ್ಲಿದ್ದಾಳೋ, ಎಷ್ಟು ಮಕ್ಕಳ ತಾಯಿಯೋ. ಇಷ್ಟು ವರ್ಷ ಒಂದು ಮೇಜಿನ ಮೇಲೆ ಗೋಲು ಕಾಯುತ್ತಿದ್ದಳೆಂಬುದು ಅವಳಿಗೆ ಗೊತ್ತೇ ಇಲ್ಲ.

ಮೊನ್ನೆ ಇಮ್ತಿಯಾಜ್ ಫೋನ್ ಮಾಡಿದ್ದ. ಮೇಜಿನ ಮೇಲೆ ಗೋಲಿನ ಜಾಗ ಇನ್ನೂ ಖಾಲಿಯಂತೆ. "ಯಾರ್ನೂ ಇಟ್ಟಿಲ್ರೀ ಆಂಟಿ. ನೊಲೀನ್ ಹೇಳ್ತಾರ, ಅವಸರ ಮಾಡಬ್ಯಾಡ, ನೋಡು ಅಂತ. ಈ ವರ್ಷದ ಕೀಪರ್‌ನ ನೋಡಾಕತ್ತೇನಿ. ಬಾಲ್ ಬಂದ್ರ ಕಣ್ಣು ಮುಚ್ಚತಾನ. ಆದ್ರ ಕೈ ಮಾತ್ರ ಮುಂದ ಹೋಗ್ತಾವ ನೋಡ್ರಿ!" ಅವನ ದನಿಯಲ್ಲಿದ್ದ ಹುರುಪು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ನೋಡುವ ಕಣ್ಣು ಅವನೊಬ್ಬನಿಗೇ ಇದೆಯೇ, ನನಗಿಲ್ಲವೇ ಎನ್ನಿಸಿತು.

ಈ ಶನಿವಾರ ಡೇರಿಯಿಂದ ಹೊರಬಂದಾಗ ಇದೆಲ್ಲ ತಲೆಯಲ್ಲಿತ್ತು. ಮನೆಯ ದಾರಿ ಎಡಕ್ಕೆ. ಮುಲಾಮಿನ ಹುಡುಗರು ಬಲಕ್ಕೆ ತಿರುಗಿದರು, ಅವರ ಹಿಂದೆ ನಾನೂ ತಿರುಗಿದೆ. ಮೈದಾನದಲ್ಲಿ ಹೆಸರೇ ಕೇಳದ ಒಂದು ಕಾಲೇಜಿನ ಟೀಮು. ನೋಡಲು ಬಂದವರು ಬೆರಳೆಣಿಕೆಯಷ್ಟು, ಬದಲಿ ಆಟಗಾರ ಒಬ್ಬನೂ ಇಲ್ಲ. ಗೆರೆಯ ಪಕ್ಕ ಕೊಡೆ ಹಿಡಿದು ನಿಂತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ನಕ್ಕು ಕೇಳಿದಳು, "ವಿಚ್ ಒನ್ಸ್ ಯೋರ್ಸ್?" ಮೊಮ್ಮಗ ಯಾರೆಂದು ಅವಳ ಪ್ರಶ್ನೆ.

"ಇನ್ನೂ ಆರಿಸಿಲ್ಲ, ನೋಡ್ತಾ ಇದ್ದೀನಿ" ಎಂದೆ, ಇಂಗ್ಲಿಷಿನಲ್ಲಿ.

ಅವಳು ಒಂದು ಕ್ಷಣ ಗಲಿಬಿಲಿಗೊಂಡಳು. ಆಮೇಲೆ ಕೊಡೆಯನ್ನು ನನ್ನ ಕಡೆಗೂ ಸ್ವಲ್ಪ ಸರಿಸಿ, "ಆ ಐದನೇ ನಂಬರಿನವನನ್ನು ನೋಡಿ, ಸ್ವಲ್ಪ ನಿಧಾನ, ಆದರೆ ಚೆನ್ನಾಗಿದ್ದಾನೆ" ಎಂದಳು. ನೋಡಿದೆ. ನಿಧಾನವೇ. ಆದರೆ ಬಾಲು ಎಲ್ಲಿಗೆ ಬೀಳುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತು, ಅಲ್ಲಿ ಹೋಗಿ ಕಾಯುತ್ತಿದ್ದ. ನಾನು ಇನ್ನೂ ಎರಡು ಹೆಜ್ಜೆ ಗೆರೆಯ ಹತ್ತಿರ ಹೋಗಿ ನಿಂತೆ.