ಅಜ್ಜನ ಮುಂದೆ ಅವ್ವ ಕಾಲು ಚಾಚಿದ ದಿನ

ನಾನು ಚಿಕ್ಕವಳಿದ್ದಾಗ, ಅಂದರೆ ಎರಡು ಜಡೆ ಹಾಕಿಕೊಂಡು ಸಾಲೆಗೆ ಹೋಗುತ್ತಿದ್ದ ಕಾಲಕ್ಕೆ, ಇಳಕಲ್ಲಿನ ನಮ್ಮ ಮನೆಗೆ ಇದ್ದದ್ದು ಒಂದೇ ಪಡಸಾಲೆ. ಅಲ್ಲೇ ಒಲೆ, ಅಲ್ಲೇ ಅಜ್ಜನ ಹಾಸಿಗೆ, ಅಲ್ಲೇ ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗ. ಅವ್ವ ಕುಣಿಯೊಳಗೆ ಕಾಲು ಇಳಿಬಿಟ್ಟು ದಿನವೆಲ್ಲ ತುಳಿಯುತ್ತ ಸೀರೆ ನೇಯುತ್ತಿದ್ದಳು. ಮನೆ ತುಂಬ ಗಂಜಿ ಹಚ್ಚಿದ ನೂಲಿನ ಹುಳಿವಾಸನೆ.

ಅವಳ ಎರಡೂ ಮೊಣಕಾಲು ಸವೆದಿದ್ದವು. ಎದ್ದರೆ ಕಟಕಟ ಅನ್ನುತ್ತಿದ್ದವು. ಹುನಗುಂದದ ಡಾಕ್ಟರು, "ಆಪರೇಷನ್ ಏನ್ ಬ್ಯಾಡವಾ. ಕುರ್ಚಿ ಮ್ಯಾಲ ಕುಂತು ಒಂದೊಂದ ಕಾಲ್ ನೆಟ್ಟಗ ಚಾಚಿ, ಹತ್ತು ಎಣಸೂತನಕ ಹಿಡಿ. ದಿನಾ ಎರಡ ಹೊತ್ತು ಮಾಡು. ತೊಡಿ ಗಟ್ಟಿ ಆದ್ರ ನೋವು ಇಳೀತೈತಿ" ಎಂದಿದ್ದರು.

ತಿಂಗಳಾದರೂ ನೋವು ಇಳಿಯಲಿಲ್ಲ. ಒಂದು ಮಧ್ಯಾಹ್ನ ಅವ್ವನಿಗೆ ಕುಣಿಯಿಂದ ಮೇಲೇಳಲು ಆಗಲೇ ಇಲ್ಲ. ಅಪ್ಪ ರಟ್ಟೆ ಹಿಡಿದು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದ. ಅವಳ ಮುಖವೆಲ್ಲ ಬೆವರು.

"ಸಾಕಾತು ನನಗ. ಮಗ್ಗ ಮಾರಿಬಿಡ್ರಿ" ಎಂದಳು. ನೇಯುವುದೊಂದನ್ನು ಬಿಟ್ಟರೆ ಅವ್ವನಿಗೆ ಬೇರೆ ಯಾವ ಸಂತೋಷವಿತ್ತು?

"ಡಾಕ್ಟರ್ ಹೇಳಿದ್ದು ಮಾಡಾಕತ್ತೀಯಿಲ್ಲೊ?" ಎಂದು ಅಜ್ಜ ಕೇಳಿದ. ಅವ್ವ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ.

"ಒಂದ ದಿನಾನೂ ಮಾಡಿಲ್ಲಜ್ಜ! ನೀ ಎದುರಿಗೇ ಇರ್ತೀಯಲ್ಲ, ಮಾವನ ಮುಂದ ಕಾಲ್ ಚಾಚಬಾರದಂತ!"

ಅವ್ವ ನನ್ನನ್ನು ನುಂಗುವಂತೆ ನೋಡಿದಳು. ಅಜ್ಜ ನನ್ನ ಕೈಯಿಂದ ಒಂದು ಸ್ಟೂಲು ತರಿಸಿ, ಅವ್ವನಿಗೆ ಎದುರಾಗಿಯೇ ಕುಳಿತು, ತನ್ನ ಒಣ ಕಾಲನ್ನು ಚಾಚಿದ.

"ಹುಚ್ಚಿ, ಕಾಲೇ ಹ್ವಾದ ಮ್ಯಾಲ ಮರ್ಯಾದಿ ಇಟ್ಕೊಂಡು ಏನ್ ಮಾಡ್ತಿ? ತಗೊ, ನಾನೂ ಚಾಚೇನಿ. ಎಣಸು."

ಅವ್ವ ಅಳುತ್ತಲೇ ಕಾಲೆತ್ತಿದಳು. ನಾನು ಎಣಿಸಿದೆ. ನೋವು ಪೂರ್ತಿ ಹೋಗಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ತಾಸಿಗೊಮ್ಮೆ ಎದ್ದು ಅಡ್ಡಾಡುತ್ತ, ರಾತ್ರಿ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತ, ಇನ್ನೂ ಎಷ್ಟೋ ವರ್ಷ ಅವ್ವ ನೇಯ್ದಳು.

ಈಗ ನನ್ನ ಮೊಣಕಾಲೂ ಸವೆದಿವೆ, ಮಕ್ಕಳೇ. ನೀವು ಸೋಫಾದ ಮೇಲೆ ನನ್ನತ್ತಲೇ ಕಾಲು ಚಾಚಿ ಮಲಗುತ್ತೀರಿ, ಯಾರೂ ಬೈಯುವುದಿಲ್ಲ. ನಾನು ಚಾಚಿದರೂ ಕೇಳುವವರಿಲ್ಲ. ಆದರೂ ಎಷ್ಟೋ ದಿನ ಬೇಸರವಾಗಿ ಕಾಲು ಚಾಚದೆ ಸುಮ್ಮನೆ ಕೂತುಬಿಡುತ್ತೇನೆ. ಬರ್ರಿ, ಯಾರಾದರೂ ಒಬ್ಬರು ಎದುರಿಗೆ ಕೂಡ್ರಿ.