ಹಸು ನಿಂತಿದ್ದ ಜಾಗ

ನಾಗಮಂಗಲದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆಗೆ ಮುಂಚೆ ಫೋಟೊ ತೆಗೆಸುವ ಜೋಡಿಗಳನ್ನು ಶ್ರೀರಂಗಪಟ್ಟಣದ ಹೊಳೆ ದಡಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಜಾಗ ಸಿಗದಿದ್ದರೆ ಕಿರಂಗೂರಿನ ಗದ್ದೆ ಬದು. ಹುಡುಗ ಹುಡುಗಿ ಅಲ್ಲಿಯವರೆಗೆ ಮುಖ ನೋಡಿಕೊಂಡಿರುವುದು ಒಂದೋ ಎರಡೋ ಸಲ. ಅವರನ್ನು ಏಳು ಜನ್ಮದ ಪ್ರೇಮಿಗಳ ಹಾಗೆ ತೋರಿಸುವುದು ನನ್ನ ಕಸುಬು. ಕಷ್ಟವೇನಿಲ್ಲ. ಬೆಳಗಿನ ಬಿಸಿಲು ಓರೆಯಾಗಿ ಬೀಳಬೇಕು, ಇಬ್ಬರ ಮಧ್ಯೆ ಒಂದು ಗೇಣು ಜಾಗ ಬಿಟ್ಟಿರಬೇಕು, ಒಬ್ಬರ ಕಣ್ಣು ಇನ್ನೊಬ್ಬರ ಮೇಲಿರಬೇಕು. ಆ ಒಂದು ಗೇಣಿನಲ್ಲಿ ಪ್ರೀತಿಯನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಇಡ್ಲಿ ತಿಂದು ವಾಪಸ್ ಬರುತ್ತೇವೆ.

ಐದಾರು ವರ್ಷದ ಹಿಂದೆ ದೇವಲಾಪುರದ ಕಡೆಯ ಯಜಮಾನರೊಬ್ಬರು ಹಸುವಿನ ಫೋಟೊ ತೆಗೆಯಲು ಕರೆದರು. ಹಸುವಿನ ಇನ್ಶೂರೆನ್ಸಿಗೆ ಬೇಕಿತ್ತು. ಮಾಲೀಕರು ಜೊತೆಗೆ ನಿಂತಿರಬೇಕು, ಹಸುವಿನ ಕಿವಿಗೆ ಹಾಕಿದ ಹಳದಿ ಓಲೆಯ ನಂಬರು ಓದುವಂತಿರಬೇಕು. ಫೋನಿನಲ್ಲಿ ತೆಗೆದದ್ದರಲ್ಲಿ ನಂಬರು ಮಸುಕಾಗಿತ್ತಂತೆ. ಕಲೆಗೆ ಇಷ್ಟು ಖಚಿತವಾದ ಬೇಡಿಕೆ ನನಗೆ ಬೇರೆ ಎಲ್ಲೂ ಬಂದಿಲ್ಲ.

ಕಪ್ಪು ಬಿಳುಪಿನ ಸೀಮೆಹಸು. ಯಜಮಾನರು ಹತ್ತಿರ ಹೋದರೆ ಒದೆಯುತ್ತಿತ್ತು. ಹಾಗಾಗಿ ತಲೆಯ ಹತ್ತಿರ ಅವರ ಹೆಂಡತಿ ಹಗ್ಗ ಹಿಡಿದು ನಿಂತರು, ಬಾಲದ ಹತ್ತಿರ ಒಂದು ಮಾರು ದೂರದಲ್ಲಿ ಇವರು ನಿಂತರು. ಆಕೆ ಹಸುವಿನ ಮುಖವನ್ನೇ ನೋಡುತ್ತಾ, "ಸುಮ್ಕಿರು ಮಗ, ಒಂದ್ ಗಳಿಗೆ, ಆಯ್ತು ಆಯ್ತು" ಎಂದು ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರುತ್ತಿದ್ದರು. ಕೊಟ್ಟಿಗೆಯ ಸೂರಿನ ನೆರಳಲ್ಲಿ ಆಕೆ, ಬಿಸಿಲಲ್ಲಿ ಹಸು. ಅದರ ಬಿಳಿ ಕತ್ತಿನ ಮೇಲೆ ಬಿದ್ದ ಬಿಸಿಲು ತಿರುಗಿ ಆಕೆಯ ಮುಖಕ್ಕೆ ಹೊಡೆಯುತ್ತಿತ್ತು. ಇದೇ ಕೆಲಸಕ್ಕೆ ನಾನು ಹೊಳೆ ದಡದಲ್ಲಿ ಹುಡುಗಿಯ ಸೋದರಮಾವನ ಕೈಗೆ ಬಿಳಿ ಥರ್ಮಾಕೋಲ್ ಕೊಟ್ಟು ನಿಲ್ಲಿಸುತ್ತೇನೆ. ಅವರು ಐದು ನಿಮಿಷಕ್ಕೆ ಕೈ ನೋವು ಅನ್ನುತ್ತಾರೆ. ಹಸು ಏನೂ ಅನ್ನಲಿಲ್ಲ.

ತೊಂದರೆ ಕೊಟ್ಟವರು ಯಜಮಾನರು. ಕ್ಯಾಮೆರಾ ನೋಡಿ ಅಂದರೆ ಹಸುವಿನ ಬೆನ್ನಿನುದ್ದಕ್ಕೂ ಆ ತುದಿಗೆ ಕಣ್ಣು ಹಾಯಿಸುವರು. ನನಗೆ ಮೊದಲೇ ತಾಳ್ಮೆ ಕಮ್ಮಿ. ಮೂರನೇ ಸಲ ಕೂಗಿಯೇಬಿಟ್ಟೆ: "ಯಜಮಾನ್ರೇ, ಹೆಂಡ್ತಿ ಮುಖ ಮನೇಲಿ ನೋಡ್ಕಳಿ, ಇಲ್ಲಿ ನೋಡಿ!"

ಆಕೆ ಹಸುವಿನಿಂದ ಕಣ್ಣು ತೆಗೆಯದೆಯೇ, "ನನ್ ಮೊಕದಾಗೇನೈತೆ, ಅತ್ಲಾಗ್ ನೋಡಿ ಅಂತಾವ್ರಲ್ಲ" ಅಂದರು. ಯಜಮಾನರು ಆಗಲೂ ಕ್ಯಾಮೆರಾ ನೋಡಲಿಲ್ಲ. ಓಲೆಯ ನಂಬರು ಸ್ಪಷ್ಟವಾಗಿತ್ತು, ನಾನು ಒತ್ತಿ ಮುಗಿಸಿದೆ.

ಹೋದ ವರ್ಷ ಯಜಮಾನರು ಸ್ಟುಡಿಯೊಗೆ ಬಂದರು, ಒಬ್ಬರೇ. ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ತಿಥಿಗೆ ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿಸಿದ್ದರಂತೆ. "ಅದ್ರಲ್ಲಿ ಯಾರನ್ನೋ ಪೊಲೀಸ್ನೋರು ಇಡ್ಕೊಂಡೋದಂಗವ್ಳೆ ಕಣಪ್ಪ" ಅಂದರು. ಮದುವೆಯ ಫೋಟೊ ಗೆದ್ದಲು ತಿಂದಿತ್ತು. ನಲವತ್ತು ವರ್ಷದ ಸಂಸಾರದಲ್ಲಿ ಇಬ್ಬರೂ ಒಟ್ಟಿಗಿರುವ ಫೋಟೊ ಎಂದು ಉಳಿದದ್ದು ನಾನು ತೆಗೆದ ಆ ಹಸುವಿನದೊಂದೇ. "ಅಸ ತೆಗ್ದು ನಮ್ಮಿಬ್ರುನ್ನೂ ಪಕ್ಕ ಪಕ್ಕ ನಿಲ್ಲುಸ್ಬುಡು. ಗ್ವಾಡೆಗೆ ಆಕ್ಬೇಕು."

ಎರಡು ದಿನ ಕೂತೆ. ಹಸುವನ್ನು ಕಂಪ್ಯೂಟರಿನಲ್ಲಿ ಅಳಿಸಿ, ಅವರನ್ನು ಎಳೆದು ತಂದು ಆಕೆಯ ಪಕ್ಕ ನಿಲ್ಲಿಸಿದೆ. ಮಧ್ಯೆ ಒಂದು ಗೇಣು ಬಿಟ್ಟೆ, ಅಭ್ಯಾಸ. ನೋಡುತ್ತೇನೆ, ಹಸುವನ್ನು ನೋಡುತ್ತಿದ್ದ ಕಣ್ಣು ಈಗ ಗಂಡನ ಮೇಲಿತ್ತು. ಎಲ್ಲಿಂದ ಬಂತೆಂದು ಹೇಳಲಾಗದ ಬೆಳಕೊಂದು ಮುಖದ ತುಂಬ. ಹೊಳೆ ದಡದಲ್ಲಿ ಇಷ್ಟು ವರ್ಷ ಬಡಿದಾಡಿದರೂ ನನಗೆ ಅಂಥ ಒಂದು ಫೋಟೊ ಬಿದ್ದಿರಲಿಲ್ಲ.

ಯಜಮಾನರು ಕುರ್ಚಿಯಲ್ಲಿ ಕೂತು ನೋಡಿದರು. ಬಹಳ ಹೊತ್ತು ನೋಡಿದರು. ಹೊಗಳುತ್ತಾರೆ ಅಂತ ನಾನು ಕಾದೆ, ಸುಳ್ಳು ಯಾಕೆ ಹೇಳಲಿ.

"ಚೆನ್ನಾಗೈತೆ. ಆದ್ರೆ ಇದು ದಿಟ ಅಲ್ಲ ಕಣಪ್ಪ" ಅಂದರು. "ಅವ್ಳು ನನ್ನ ಇಂಗೆ ಒಂದಿನಾನೂ ನೋಡಿರ್ನಿಲ್ಲ. ಈ ನೋಟ ಅಸೀಂದು. ಅದ್ರುದ್ನ ನಾನ್ ಕಿತ್ಕೊಂಡಂಗಾಯ್ತದೆ. ಅಸ ವಾಪಸ್ ಆಕು."

ಎರಡು ದಿನದ ಕೆಲಸ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹಳೇ ಫೋಟೊ ತೆರೆದೆ. ಹಸು ಬಂದು ತನ್ನ ಜಾಗದಲ್ಲಿ ನಿಂತಿತು. ಯಜಮಾನರು ಕುರ್ಚಿ ಮುಂದಕ್ಕೆ ಎಳೆದುಕೊಂಡು, ಬಾಲದ ತುದಿಯಲ್ಲಿ ನಿಂತ ತಮ್ಮದೇ ಚಿತ್ರದ ಮೇಲೆ ಬೆರಳಿಟ್ಟರು. ಬೆರಳು ಹಸುವಿನ ಬೆನ್ನ ಮೇಲೆ ನಿಧಾನಕ್ಕೆ ಸರಿದು ಆ ಕಡೆ ಹೋಗಿ ನಿಂತಿತು.

"ನಾನ್ ನೋಡ್ತಿರೋದು ಮಾತ್ರ ದಿಟ" ಅಂದರು. ಬೆರಳು ತೆಗೆಯದೆಯೇ ಕೇಳಿದರು, "ಅವ್ಳಿಗೆ ಗೊತ್ತಾಗಿರ್ತದಾ?"

ಸಮಾಧಾನಕ್ಕೆ ಏನಾದರೂ ಹೇಳುವುದು ನನಗೆ ಬರುವುದಿಲ್ಲ. ಆದರೆ ಇದಕ್ಕೆ ಉತ್ತರ ನನ್ನ ಹತ್ತಿರ ಇತ್ತು. "ಗೊತ್ತಿತ್ತಲ್ಲ ಯಜಮಾನ್ರೇ. ನಾನು ಊರಿಗೆಲ್ಲ ಕೇಳೋ ಹಾಗೆ ಕೂಗಿರಲಿಲ್ವಾ? ಅವರು ಏನಂದ್ರು?"

ಅವರು ಯೋಚಿಸಬೇಕಾಗಲಿಲ್ಲ. "ನನ್ ಮೊಕದಾಗೇನೈತೆ, ಅತ್ಲಾಗ್ ನೋಡಿ, ಅಂದ್ಲು" ಅಂದರು. ಹೇಳುತ್ತಾ ಹೇಳುತ್ತಾ ನಕ್ಕರು, ನಗುತ್ತಲೇ ಹೆಗಲ ಟವೆಲಿನಲ್ಲಿ ಕಣ್ಣು ಒರೆಸಿಕೊಂಡರು. ನಾನು ಪ್ರಿಂಟರು ಸರಿಮಾಡುವ ನೆವದಲ್ಲಿ ಆ ಕಡೆ ತಿರುಗಿಕೊಂಡೆ.

ಫೋಟೊ ಹಾಗೆಯೇ ಹಾಕಿಕೊಟ್ಟೆ, ಹಸು ಸಮೇತ. ಬಾಗಿಲವರೆಗೆ ಹೋದವರು ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದರು.

"ಓಲೆ ನಂಬರು ಚೆಂದಾಗ್ ಕಾಣ್ತದೆ" ಅಂದರು. "ಅವ್ಳಿದ್ದಿದ್ರೆ ಮೊದ್ಲು ಅದ್ನೇ ನೋಡೋಳು."